ಮನೆಲೆಕ್ಕ, ತಲೆಲೆಕ್ಕ

ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಊಟಕ್ಕೆ 11 ಬಾಳೆಲೆ ಬೀಳುತ್ತಿತ್ತು. ಈಗ 3. ಮಕ್ಕಳು ಮಂಗಳೂರು, ಬೆಂಗಳೂರು ಅಂತ ಹೋದ ಮೇಲೆ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ ಅಂದುಕೊಂಡಿದ್ದೆ. ಅರ್ಧಕ್ಕೂ ಇಳಿಯಲಿಲ್ಲ.

ಲೆಕ್ಕದ ಪುಸ್ತಕ ಬಿಡಿಸಿ ಕೂತಾಗ ಕಾರಣ ಗೊತ್ತಾಯಿತು. ಅಕ್ಕಿ, ಸಾಬೂನು, ಬಸ್ಸು ಚಾರ್ಜು ಇವೆಲ್ಲ ತಲೆಲೆಕ್ಕ. ಜನ ಕಡಿಮೆಯಾದರೆ ಇವೂ ಕಡಿಮೆ. ಫ್ರಿಜ್ಜು, ಬಾವಿಯ ಪಂಪು, ಮಳೆಗೆ ಮೊದಲು ಹಂಚು ಸರಿಮಾಡಿಸುವ ಕೂಲಿ ಇವು ಮನೆಲೆಕ್ಕ. ಒಬ್ಬರಿದ್ದರೂ ಅಷ್ಟೇ, ಹತ್ತು ಜನ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಕೇರಳದ ರೇಷನ್ನಿನಲ್ಲೂ ಹೀಗೇ ನೋಡಿ, ಬಡವರ ಗುಲಾಬಿ ಕಾರ್ಡಿಗೆ ತಿಂಗಳಿಗೆ ತಲೆಗೆ 5 ಕಿಲೋ ಧಾನ್ಯ, ಕಡುಬಡವರ ಹಳದಿ ಕಾರ್ಡಿಗೆ ಮನೆಗೆ 35 ಕಿಲೋ. ಹೊಸದಾಗಿ ಸಂಸಾರ ಹೂಡಿದವರು ಪುಸ್ತಕದಲ್ಲಿ ತಲೆಲೆಕ್ಕ, ಮನೆಲೆಕ್ಕ ಎರಡನ್ನೂ ಬೇರೆ ಬೇರೆ ಬರೆಯಿರಿ.

ಕರೆಂಟು ಮಾತ್ರ ಮೋಸದ್ದು. ನೋಡಲು ಮನೆಲೆಕ್ಕ, ಒಳಗೆ ತಲೆಲೆಕ್ಕ. ನಮ್ಮ ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. 500 ಯೂನಿಟ್ ಒಳಗಿದ್ದರೆ ಮೊದಲಿನ ಯೂನಿಟ್ಟುಗಳಿಗೆ ಕಡಿಮೆ ದರ, ಮೇಲೇರಿದ ಹಾಗೆ ಜಾಸ್ತಿ. 500 ದಾಟಿತೋ, ಮೊದಲ ಯೂನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ದುಬಾರಿ ದರ. ಮನೆಯಲ್ಲಿ ಎಷ್ಟು ಜನ ಅಂತ ಮೀಟರು ಕೇಳುವುದಿಲ್ಲ. 2 ಕಿಲೋವಾಟಿನ ಗೀಸರು ಒಬ್ಬರ ಸ್ನಾನಕ್ಕೆ ಕಾಲು ಗಂಟೆ ಓಡಿದರೆ ಅರ್ಧ ಯೂನಿಟ್. 8 ಜನರಿಗೆ ದಿನಕ್ಕೆ 4, ಎರಡು ತಿಂಗಳಿಗೆ 240. ಬರೀ ಸ್ನಾನಕ್ಕೆ! ದೊಡ್ಡ ಸಂಸಾರದವರು ಬಚ್ಚಲಿನ ಹಂಡೆ ಬಿಡಬೇಡಿ. ಒಲೆಗೆ ಹಾಕಲು ತೋಟದಲ್ಲಿ ತೆಂಗಿನ ಕೊತ್ತಳಿಗೆ, ಅಡಿಕೆ ಹಾಳೆ ಸುಮ್ನೆ ಬಿದ್ದಿರುತ್ತದಲ್ಲ. ತೋಟ ಇಲ್ಲದವರು ಬಿಲ್ಲು ಬಂದು ಒಂದು ತಿಂಗಳಾದಾಗ ಮೀಟರು ನೋಡಿ, ಅಲ್ಲಿಂದ ಓಡಿದ್ದು 250ರ ಒಳಗಿದೆಯಾ ಅಂತ. ನಮಗೆ 3 ಜನರಿಗೆ ಹಂಡೆ ತುಂಬ ನೀರು ಕಾಯಿಸುವುದೇ ದಂಡ, ಅಲ್ವಾ? ನಾವು ಗೀಸರಿಗೇ ಬಂದಿದ್ದೇವೆ.

ಸಣ್ಣ ಸಂಸಾರದ ಕಷ್ಟ ಬೇರೆ. ಅಲ್ಲಿ ದುಡ್ಡು ಹಾಳಾಗುವುದು ಉಳಿಕೆಯಲ್ಲಿ. ಮಕ್ಕಳು ಹೋಗಿ ವರ್ಷವಾದರೂ ನನ್ನ ಕೈ ಹಳೆಯ ಅಂದಾಜಿನಲ್ಲೇ ಕುಡ್ತೆ ಕುಡ್ತೆ ಅಕ್ಕಿ ಅಳೆಯುತ್ತಿತ್ತು. ದನ ಇದ್ದಾಗ ಉಳಿದದ್ದು ಅವು ಕುಡಿಯುವ ಅಕ್ಕಚ್ಚಿಗೆ ಹೋಗುತ್ತಿತ್ತು. ಈಗ ಹಟ್ಟಿಯೂ ಖಾಲಿ. ಕೊನೆಗೆ ಆ ಕುಡ್ತೆಯನ್ನೇ ಅಟ್ಟಕ್ಕೆ ಹಾಕಿ ಸಣ್ಣ ಲೋಟ ಇಟ್ಟುಕೊಂಡೆ. ತೆಂಗಿನಕಾಯಿ ಒಡೆದರೆ ಕಣ್ಣಿರುವ ಕಡಿಯನ್ನು ಮೊದಲು ತುರಿಯಿರಿ, ಅದು ಬೇಗ ಹಾಳಾಗುತ್ತದೆ. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಯನ್ನು ಒಂದೇ ದೊಡ್ಡ ಭರಣಿಯಲ್ಲಿ ಇಡಬೇಡಿ. ದಿನಾ ಬಾಯಿ ತೆಗೆದು ಒದ್ದೆ ಕೈ ಹಾಕಿದರೆ ಮಳೆಗಾಲ ಮುಗಿಯುವ ಮೊದಲೇ ಕೆಡುತ್ತದೆ. ನಾಲ್ಕೈದು ಸಣ್ಣ ಜಾಡಿಗಳಲ್ಲಿ ತುಂಬಿಸಿ, ಒಂದು ಮುಗಿದ ಮೇಲೆ ಇನ್ನೊಂದು.

ಕುಚ್ಚಿಲಕ್ಕಿ ಮೂಟೆಯಲ್ಲಿ ತಂದರೆ ಅಗ್ಗ. ಆದರೆ ಮೂರು ಜನ ಉಣ್ಣುವಷ್ಟರಲ್ಲಿ ಹುಳ ಬೀಳುತ್ತದೆ. ನಮ್ಮ ಆಚೆಮನೆಯಲ್ಲೂ ಈಗ ಮುದುಕ ಮುದುಕಿ ಇಬ್ಬರೇ. ಒಂದು ಮೂಟೆ ತರಿಸಿ ಜಗಲಿಯಲ್ಲೇ ಸುರಿದು ಪಾಲು ಮಾಡುತ್ತೇವೆ. ಅಳೆಯುವುದು ಆಚೆಮನೆಯ ಅಕ್ಕ. ತನ್ನ ಪಾಲಿನದು ತುಸು ತುಂಬಿಯೇ ಅಳೆಯುತ್ತಾರೆ. ನಾನು ಆಗ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕೂತಿರುತ್ತೇನೆ.