ಸಾ ಆನ್ ಮಾಡಿದರೆ ವ್ಯಾಕ್ಯೂಮ್ ತಾನೇ ಶುರುವಾಗುವ ಡಬ್ಬಿ

ಪ್ಲೈವುಡ್ ಕೊಯ್ಯುವ ಸಾ 1400 ವ್ಯಾಟ್, ಅದರ ಪುಡಿ ಹೀರುವ ವ್ಯಾಕ್ಯೂಮ್ 1200 ವ್ಯಾಟ್. ಈ ಡಬ್ಬಿಯಲ್ಲಿ ಎರಡು ಸಾಕೆಟ್: ಒಂದು ಸಾನಂಥ ಟೂಲಿಗೆ, ಇನ್ನೊಂದು ವ್ಯಾಕ್ಯೂಮಿಗೆ. 230 ವೋಲ್ಟಿನಲ್ಲಿ ಎರಡೂ ಸೇರಿ ಸುಮಾರು 11.3 ಆಂಪ್, ಹಾಗಾಗಿ ಒಂದೇ 16 ಆಂಪ್ ಪವರ್ ಪ್ಲಗ್ಗಿನಲ್ಲಿ ನಡೆಯುತ್ತದೆ. ತೊಂದರೆ ಬರುವುದು ಆನ್ ಆಗುವ ಕ್ಷಣದಲ್ಲಿ. ಇಂಥ ಮೋಟರು ಶುರುವಿನಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಎರಡೂ ಒಟ್ಟಿಗೆ ಎದ್ದರೆ ಬಿ ಕರ್ವ್ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಟ್ರಿಪ್ ಆಗಬಹುದು. ನಾನು ಶುರುವಿನ ಹೊಡೆತವನ್ನು ಹೆಚ್ಚು ತಡೆಯುವ ಸಿ ಕರ್ವ್ ಹಾಕಿ, ಸಾ ಶುರುವಾದ ಒಂದು ಸೆಕೆಂಡಿನ ನಂತರ ವ್ಯಾಕ್ಯೂಮ್ ಏಳುವಂತೆ ಮಾಡಿದೆ. ಸಾ ನಿಂತ ಮೇಲೆ ಅದು ಆರು ಸೆಕೆಂಡ್ ಓಡುತ್ತದೆ. ಪೈಪಿನಲ್ಲಿ ಉಳಿದ ಪುಡಿ ಒಳಗೆ ಹೋಗಲು ಅಷ್ಟು ಬೇಕು.

ಸಾ ಎಳೆಯುವ ಕರೆಂಟ್ ಗುರುತಿಸಲು ಎಸ್‌ಸಿಟಿ-013-030 ಕ್ಲಾಂಪ್ (ವೈರಿನ ಸುತ್ತ ಕೂತು ಕರೆಂಟ್ ಅಳೆಯುವ ಸೆನ್ಸರ್) ಬಳಸಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವಂಥದ್ದೇ. ಇದು 30 ಆಂಪಿಗೆ 1 ವೋಲ್ಟ್ ಕೊಡುತ್ತದೆ. ಸಾಗೆ ಇದು ಸಾಕು, ಆದರೆ ಮರ ಉಜ್ಜಿ ನಯ ಮಾಡುವ 300 ವ್ಯಾಟಿನ ಸ್ಯಾಂಡರ್ ಎಳೆಯುವುದೇ 1.3 ಆಂಪ್. ಅದಕ್ಕೇ ಫೇಸ್ ವೈರನ್ನು ಕ್ಲಾಂಪಿನೊಳಗೆ ಮೂರು ಸಲ ಹಾಯಿಸಿದೆ. ಈಗ 10 ಆಂಪಿಗೇ 1 ವೋಲ್ಟ್. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಾಯಿಸಿದರೆ ಒಂದನ್ನೊಂದು ಕಳೆದು ಸೊನ್ನೆ ಬರುತ್ತದೆ. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದು ಕಷ್ಟ: ಕ್ಲಾಂಪಿನೊಳಗೆ ಹೋಗಬೇಕಾದದ್ದು ಟೂಲ್ ಸಾಕೆಟ್ಟಿನ ವೈರ್ ಮಾತ್ರ. ಎರಡೂ ಸಾಕೆಟ್ಟಿನ ವೈರ್ ಹೋದರೆ ವ್ಯಾಕ್ಯೂಮ್ ತನ್ನ ಕರೆಂಟನ್ನೇ ಕಂಡು ನಿಲ್ಲುವುದೇ ಇಲ್ಲ.

ಎರಡು 10 ಕಿಲೋ ಓಮ್ ರೆಸಿಸ್ಟರ್, ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ 2.5 ವೋಲ್ಟಿನ ನಡುಬಿಂದು ಮಾಡಿಕೊಂಡು, ಕ್ಲಾಂಪಿನ ಒಂದು ತುದಿ ಅಲ್ಲಿಗೆ, ಇನ್ನೊಂದು ಆರ್ಡುಯಿನೋ ನ್ಯಾನೋ ಎಂಬ ಪ್ರೋಗ್ರಾಂ ಹಾಕಬಲ್ಲ ಪುಟ್ಟ ಬೋರ್ಡಿನ ಅನಲಾಗ್ (ವೋಲ್ಟೇಜ್ ಅಳೆಯುವ) ಪಿನ್ನಿಗೆ. ಪ್ರೋಗ್ರಾಂ 100 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸಿನ ಐದು ಸುತ್ತು, ಓದಿ ಗರಿಷ್ಠ–ಕನಿಷ್ಠದ ಅಂತರ ನೋಡುತ್ತದೆ. ಬೋರ್ಡು 0ಯಿಂದ 5 ವೋಲ್ಟನ್ನು 0ಯಿಂದ 1023ರ ಅಂಕಿಯಾಗಿ ಓದುತ್ತದೆ; ಸ್ಯಾಂಡರಿಗೆ ಈ ಅಂತರ ಸುಮಾರು 75 ಬರುತ್ತದೆ. 25 ದಾಟಿದರೆ ಆನ್, 18ಕ್ಕಿಂತ ಇಳಿದರೆ ಆರು ಸೆಕೆಂಡಿನ ಎಣಿಕೆ ಶುರು. ಆನ್–ಆಫ್ ಎರಡಕ್ಕೂ ಒಂದೇ ಅಂಕಿ ಇಟ್ಟರೆ ಆ ಗಡಿಯಲ್ಲಿ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕಾಂಟ್ಯಾಕ್ಟ್ ಕೂಡಿಸಿ ವ್ಯಾಕ್ಯೂಮ್ ಆನ್ ಮಾಡುವ ಸ್ವಿಚ್) ಕಟಕಟ ಅನ್ನುತ್ತದೆ.

ರಿಲೇ ವಿಷಯದಲ್ಲಿ ಜುಗ್ಗತನ ಬೇಡ. ಎಲ್ಲೆಡೆ ಸಿಗುವ ನೀಲಿ ಬಣ್ಣದ ಪುಟ್ಟ ರಿಲೇ ಮೇಲೆ 10 ಆಂಪ್ ಎಂದು ಬರೆದಿರುವುದು ಬಲ್ಬ್, ಹೀಟರಿನಂಥ ಲೋಡಿಗೆ. ಮೋಟರಿನ ಮೊದಲ ಹೊಡೆತಕ್ಕೆ ಅದರ ಕಾಂಟ್ಯಾಕ್ಟ್ ಬೆಸೆದುಕೊಂಡು, ಕಾಯಿಲ್ ಬಿಟ್ಟರೂ ವ್ಯಾಕ್ಯೂಮ್ ಓಡುತ್ತಲೇ ಇರುತ್ತದೆ. ನನ್ನದೂ ಹಾಗೇ ಆಯಿತು. ಈಗಿರುವುದು 30 ಆಂಪಿನ 5 ವೋಲ್ಟ್ ರಿಲೇ. ಇದರ ಕಾಯಿಲ್‌ಗೆ ಸುಮಾರು 185 ಮಿಲಿಆಂಪ್ ಬೇಕು. 100 ಮಿಲಿಆಂಪಿನ ಬಿಸಿ547 ಟ್ರಾನ್ಸಿಸ್ಟರ್ ಅದನ್ನು ತಡೆಯುವುದಿಲ್ಲ. ಹಾಗಾಗಿ ಬಿಡಿ139 ಟ್ರಾನ್ಸಿಸ್ಟರ್, ಅದರ ಬೇಸಿಗೆ 330 ಓಮ್, ಕಾಯಿಲ್‌ಗೆ ತಿರುಗುಮುರುಗಾಗಿ 1ಎನ್4007 ಡಯೋಡ್. ಡಯೋಡ್ ಮರೆತರೆ ರಿಲೇ ಬಿಡುವಾಗ ಟ್ರಾನ್ಸಿಸ್ಟರ್ ಹೋಗುತ್ತದೆ.

ಒಳಗಿನ ಪವರ್ ವೈರೆಲ್ಲ 2.5 ಚದರ ಮಿಲಿಮೀಟರ್. ಅರ್ತ್ ಎಲ್ಲೂ ತುಂಡಾಗದೆ ಎರಡೂ ಸಾಕೆಟ್ಟಿಗೆ ಹೋಗಬೇಕು, ರಿಲೇ ಫೇಸಿನಲ್ಲೇ ಇರಬೇಕು. ಡಬ್ಬಿಯನ್ನು ಪೂರ್ತಿ ಮುಚ್ಚಿ. ಮರದ ನಯವಾದ ದೂಳು ಸಂದಿಯಿದ್ದಲ್ಲೆಲ್ಲ ನುಗ್ಗುತ್ತದೆ. ಮೊದಲ ಪರೀಕ್ಷೆಗೆ ವ್ಯಾಕ್ಯೂಮ್ ಜಾಗದಲ್ಲಿ 100 ವ್ಯಾಟ್ ಬಲ್ಬ್, ಸಾ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿದರೆ ಸಾಕು. ವ್ಯಾಕ್ಯೂಮ್ ಕೊಳ್ಳುವವರು ಗಮನಿಸಿ: ಅದರ ಸ್ವಿಚ್ ಆನ್‌ನಲ್ಲೇ ಕೂರುವ ಮಾಮೂಲಿ ಸ್ವಿಚ್ ಆಗಿರಬೇಕು. ಒತ್ತಿ ಬಿಡುವ ಎಲೆಕ್ಟ್ರಾನಿಕ್ ಬಟನ್ನಿನ ಮೆಷಿನ್‌ಗಳು ಸಾಮಾನ್ಯವಾಗಿ ಕರೆಂಟ್ ಬಂದರೂ ಬಟನ್ ಒತ್ತುವ ತನಕ ಏಳುವುದಿಲ್ಲ.

ಕಿಡಿ ತಗ್ಗಿಸಲು ಕಾಂಟ್ಯಾಕ್ಟಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಎಕ್ಸ್2 (ಮೇನ್ಸ್ ಕರೆಂಟಿಗೆಂದೇ ಮಾಡಿದ) ಕೆಪಾಸಿಟರ್, ಸಾಲಾಗಿ 100 ಓಮ್ ಹಾಕಿದ್ದೇನೆ. ಇದರ ಮೂಲಕ ಸುಮಾರು 7 ಮಿಲಿಆಂಪ್ ಸೋರುವುದರಿಂದ ರಿಲೇ ಆಫ್ ಇದ್ದಾಗಲೂ ವ್ಯಾಕ್ಯೂಮ್ ಸಾಕೆಟ್ಟಿನಲ್ಲಿ ಟೆಸ್ಟರ್ ಉರಿಯುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ವ್ಯಾಕ್ಯೂಮ್ ಬಿಚ್ಚುವ ಮುಂಚೆ ಅದರ ಪ್ಲಗ್ ಕೀಳಲೇಬೇಕು.