ಬೇಸ್‌ಬಾಲ್ ಪಿಚರ್ ಕರಿಯರ್ ಓದೋದು ಹೇಗೆ? ಕರ್ಶಾ ಪೇಜ್ ಓಪನ್ ಮಾಡ್ಕೊಂಡು ಕೂತ್ಕೊಳ್ಳಿ

2025ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಟೀಮಿನ ಪಿಚರ್ (ನಮ್ಮ ಲೆಕ್ಕದಲ್ಲಿ ಬೌಲರ್) ಕ್ಲೇಟನ್ ಕರ್ಶಾ ರಿಟೈರ್ ಆಗ್ತೀನಿ ಅಂದಾಗ ನಮ್ಮ ಫ್ರೆಂಡ್ಸ್ ಗ್ರೂಪಲ್ಲಿ ಒಬ್ಬ "ಯಾರಪ್ಪ ಇವ್ನು, ಅಷ್ಟು ದೊಡ್ಡ ಪ್ಲೇಯರ್ರಾ" ಅಂತ ಕೇಳ್ದ. ನಾನು ಜಂಬವಾಗಿ 223 ಗೆಲುವು, 96 ಸೋಲು, 2.53 ಇಆರ್‌ಎ, 3,052 ಸ್ಟ್ರೈಕ್‌ಔಟ್ ಅಂತ ಟೈಪ್ ಮಾಡಿ ಕಳ್ಸಿದೆ, ಅವ್ನು ಒಂದು ಥಂಬ್ಸ್ ಅಪ್ ಹಾಕಿ ಸುಮ್ನಾಗ್ಬಿಟ್ಟ. ತಪ್ಪು ನಂದೇ. ಕ್ರಿಕೆಟ್ ನೋಡಿ ಬೆಳೆದವ್ರಿಗೆ ಈ ನಂಬರ್‌ಗಳಲ್ಲಿ ಯಾವ್ದು ದೊಡ್ಡದು ಯಾವ್ದು ಸುಮ್ನೆ ಅಲಂಕಾರಕ್ಕೆ ಅಂತ ಹೇಗೆ ಗೊತ್ತಾಗ್ಬೇಕು? ಅದಕ್ಕೇ ಇದು. ಯಾವ್ದಾದ್ರೂ ಸ್ಟ್ಯಾಟ್ಸ್ ಸೈಟಲ್ಲಿ ಕರ್ಶಾ ಪೇಜ್ ತೆಗೀರಿ, ನಾನು ಹೇಳೋ ಆರ್ಡರಲ್ಲಿ ನೋಡ್ತಾ ಹೋಗಿ.

ಮೊದ್ಲು ಎರಡೇ ಮಾತು ಆಟದ ಬಗ್ಗೆ. ಒಂದು ಟೀಮಿಗೆ 9 ಇನ್ನಿಂಗ್ಸ್, ಒಂದೊಂದರಲ್ಲಿ 3 ಔಟ್, ಒಟ್ಟು 27. ಮ್ಯಾಚ್ ಶುರು ಮಾಡೋ ಪಿಚರ್‌ನ ಸ್ಟಾರ್ಟರ್ ಅಂತಾರೆ, ಅವ್ನು ಎಷ್ಟು ಹೊತ್ತು ಎಳೀತಾನೋ ಅಷ್ಟು, ಒಂದ್ಸಲ ಆಚೆ ಹೋದ್ರೆ ಆ ಮ್ಯಾಚಲ್ಲಿ ವಾಪಸ್ ಬರಂಗಿಲ್ಲ, ಮುಂದಿನ ಸರದಿ ಸಾಮಾನ್ಯವಾಗಿ ಐದಾರು ದಿನ ಬಿಟ್ಟು. ಅಂದ್ರೆ ವರ್ಷಕ್ಕೆ ಮೂವತ್ತು ಮೂವತ್ತೆರಡು ಮ್ಯಾಚ್ ಸಿಕ್ಕಿದ್ರೆ ಅದೇ ಹೆಚ್ಚು.

ಈಗ ಪೇಜಲ್ಲಿ ಮೊದ್ಲು ಕಣ್ಣು ಹಾಕ್ಬೇಕಾಗಿರೋದು ಇನ್ನಿಂಗ್ಸ್ ಕಾಲಮ್ಮಿಗೆ, ಗೆಲುವಿಗಲ್ಲ. ಇಲ್ಲೇ ನಾವು ಎಡವೋದು, ಯಾಕಂದ್ರೆ 6.2 ಅಂತ ನೋಡಿದ ತಕ್ಷಣ ನಮ್ಮ ತಲೆ ಆರು ಓವರ್ ಎರಡು ಬಾಲ್ ಅನ್ಕೊಳುತ್ತೆ. ಇಲ್ಲಿ ಪಾಯಿಂಟ್ ಆದ್ಮೇಲೆ ಇರೋದು ಔಟ್‌ಗಳ ಲೆಕ್ಕ, ಅಂದ್ರೆ ಆರು ಇನ್ನಿಂಗ್ಸ್ ಮುಗ್ಸಿ ಏಳನೇದ್ರಲ್ಲಿ ಎರಡು ಔಟ್. 6.3 ಅಂತ ಯಾವತ್ತೂ ಬರಲ್ಲ, ಅದು 7 ಆಗೋಗುತ್ತೆ. ಉದಾಹರಣೆಗೆ ನಮಗೆ ಹತ್ರದ್ದೇ ಒಂದಿದೆ: 2014ರ ಮಾರ್ಚ್ 22, ಅಮೆರಿಕದ ಸೀಸನ್ನಿನ ಮೊದಲ ಮ್ಯಾಚ್ ನಡೆದಿದ್ದು ಸಿಡ್ನಿ ಕ್ರಿಕೆಟ್ ಗ್ರೌಂಡಲ್ಲಿ! ಹೌದು, ಅದೇ ಎಸ್‌ಸಿಜಿ, ನಾವು ಬೆಳಗಿನ ಜಾವ ಎದ್ದು ಟೆಸ್ಟ್ ನೋಡೋ ಅದೇ ಜಾಗ. ಅಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ ಅರಿಜೋನಾ ಮೇಲೆ ಕರ್ಶಾ 6.2 ಇನ್ನಿಂಗ್ಸ್ ಹಾಕಿ ಒಂದೇ ರನ್ ಕೊಟ್ಟ.

ಇದೇ ಮ್ಯಾಚ್ ಇಟ್ಕೊಂಡು ಇಆರ್‌ಎ, ಅಂದ್ರೆ ಅರ್ನ್ಡ್ ರನ್ ಆವರೇಜ್, ಕಲೀಬಹುದು. ಕೊಟ್ಟ ರನ್ ಇಂಟು 9, ಭಾಗಿಸು ಇನ್ನಿಂಗ್ಸ್, ಅಷ್ಟೇ. ಪೂರ್ತಿ ಒಂದು ಮ್ಯಾಚ್ ಎಸೆದಿದ್ರೆ ಸರಾಸರಿ ಎಷ್ಟು ರನ್ ಕೊಡ್ತಿದ್ದ ಅನ್ನೋದು ಅದರ ಅರ್ಥ. ಆದ್ರೆ ಕ್ಯಾಲ್ಕುಲೇಟರ್‌ಗೆ 6.2 ಅಂತಲೇ ಒತ್ತಿದ್ರೆ 1.45 ಬರುತ್ತೆ, ತಪ್ಪು. ಆರು ಮತ್ತು ಮೂರರಲ್ಲಿ ಎರಡು ಭಾಗ ಅಂತ 6.667 ಒತ್ತಿ, ಆಗ 1.35, ಅದು ಸರಿ. ಇನ್ನೊಂದು ವಿಷ್ಯ, ಫೀಲ್ಡರ್ ಮಾಡಿದ ಎರರ್‌ನಿಂದ ಬಂದ ರನ್ ಇದರಲ್ಲಿ ಸೇರಲ್ಲ. ಕ್ಯಾಚ್ ಬಿಟ್ರೂ ಬೌಲರ್ ಅಕೌಂಟಿಗೇ ರನ್ ಹಾಕೋ ನಮ್ಮ ಆಟಕ್ಕಿಂತ ಈ ವಿಷ್ಯದಲ್ಲಿ ಇವ್ರೇ ವಾಸಿ ಅಂತ ನನ್ನ ಅನಿಸಿಕೆ.

ಆ ಕಾಲಮ್ಮಲ್ಲಿ 2011ರಿಂದ 2014ರವರೆಗೆ ಕೆಳಗೆ ಇಳೀತಾ ಬನ್ನಿ. 2.28, 2.53, 1.83, 1.77. ನಾಲ್ಕೂ ವರ್ಷ ಇಡೀ ಮೇಜರ್ ಲೀಗಲ್ಲಿ ಅವನದೇ ಅತಿ ಕಡಿಮೆ. ಸಾಮಾನ್ಯವಾಗಿ 4ರ ಆಸುಪಾಸು ಇದ್ರೆ ಪರವಾಗಿಲ್ಲ ಅನ್ನೋ ಪಿಚರ್, 3ರ ಕೆಳಗೆ ಹೋದ್ರೆ ಟಾಪ್, 2ರ ಕೆಳಗೆ ಅಂದ್ರೆ ಆ ವರ್ಷ ಅವನ ಬಾಲ್ ಮುಟ್ಟೋದೇ ಕಷ್ಟ ಇತ್ತು ಅಂತ.

ಆಮೇಲೆ ಸ್ಟ್ರೈಕ್‌ಔಟ್ ಮತ್ತು ವಾಕ್. ಇವೆರಡನ್ನ ಯಾವತ್ತೂ ಜೋಡಿಯಾಗೇ ನೋಡಿ. ಬೀಸಿ ತಪ್ಪಿದ ಬಾಲ್ ಅಥವಾ ಬೀಸದೆ ಬಿಟ್ಟ ಒಳ್ಳೇ ಬಾಲ್ ಒಂದು ಸ್ಟ್ರೈಕ್, ಮೂರಾದ್ರೆ ಔಟ್; ಹಾಗೆ ಫೀಲ್ಡರ್ ಸಹಾಯ ಬೇಡದೆ ತೆಗೆದ ವಿಕೆಟ್ಟೇ ಸ್ಟ್ರೈಕ್‌ಔಟ್, ವಾಕ್ ಅಂದ್ರೆ ನಾಲ್ಕು ಬಾಲ್ ಆಚೆ ಎಸೆದು ಬ್ಯಾಟರ್‌ನ ಫ್ರೀಯಾಗಿ ಫಸ್ಟ್ ಬೇಸಿಗೆ (ರನ್ ಮಾಡೋಕೆ ಸುತ್ತಬೇಕಾದ ನಾಲ್ಕು ಜಾಗಗಳಲ್ಲಿ ಮೊದಲನೇದಕ್ಕೆ) ಕಳ್ಸೋದು. 2015ರಲ್ಲಿ ಕರ್ಶಾ 301 ಸ್ಟ್ರೈಕ್‌ಔಟ್ ಮಾಡ್ದ, 2002ರ ನಂತರ ಯಾರೂ ಒಂದು ಸೀಸನಲ್ಲಿ 300 ಮುಟ್ಟಿರ್ಲಿಲ್ಲ, ಹಾಗಾಗಿ ಎಲ್ರೂ ಅದನ್ನೇ ಹೇಳ್ತಾರೆ. ನನಗೆ ಮಾತ್ರ ಅದಕ್ಕಿಂತ 2016ರ ಸಾಲು ಇಷ್ಟ, ಬೆನ್ನುನೋವಿಂದ ಅರ್ಧ ಸೀಸನ್ ಹಾಳಾಗಿ 149 ಇನ್ನಿಂಗ್ಸ್ ಮಾತ್ರ ಹಾಕಿದ್ದ, ಅದ್ರಲ್ಲಿ 172 ಸ್ಟ್ರೈಕ್‌ಔಟ್, ವಾಕ್ ಎಷ್ಟು ಗೊತ್ತಾ, ಬರೀ 11. ಇದನ್ನ ದಪ್ಪ ಅಕ್ಷರದಲ್ಲಿ ಯಾರೂ ತೋರ್ಸಲ್ಲ, ಇನ್ನಿಂಗ್ಸ್ ಕಡಿಮೆ ಆಯ್ತು ಅಂತ ಆ ವರ್ಷ ಪ್ರಶಸ್ತೀನೂ ಇಲ್ಲ.

ಗೆಲುವು-ಸೋಲಿನ ಕಾಲಮ್ ಮೊದ್ಲು ನೋಡ್ಬೇಡಿ ಅಂದಿದ್ದಕ್ಕೆ ಕಾರಣ ಇದೆ. ಸ್ಟಾರ್ಟರ್ ಕನಿಷ್ಠ ಐದು ಇನ್ನಿಂಗ್ಸ್ ಹಾಕ್ಬೇಕು, ಅವ್ನು ಆಚೆ ಬರುವಾಗ ಟೀಮ್ ಮುಂದಿರ್ಬೇಕು, ಆಮೇಲೆ ಆ ಲೀಡ್ ಕೊನೇವರೆಗೂ ಉಳೀಬೇಕು, ಆಗ್ಲೇ ಗೆಲುವು ಅವನ ಹೆಸ್ರಿಗೆ. ಇದ್ರಲ್ಲಿ ಅರ್ಧ ಅವನ ಕೈಲೇ ಇಲ್ಲ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಇಆರ್‌ಎ 1.70, ಗೆಲುವು ಬರೀ 10, ಸೋಲು 9. ಆದ್ರೂ ಆ ವರ್ಷದ ಬೆಸ್ಟ್ ಪಿಚರ್ ಪ್ರಶಸ್ತಿ ಅವನಿಗೇ ಬಂತು, ವೋಟ್ ಹಾಕೋ ಪತ್ರಕರ್ತರಿಗೂ ಅಷ್ಟೊತ್ತಿಗೆ ಬುದ್ಧಿ ಬಂದಿತ್ತು ಅನ್ನಿ.

ಆ ಪ್ರಶಸ್ತಿ ಹೆಸ್ರು ಸೈ ಯಂಗ್. 511 ಮ್ಯಾಚ್ ಗೆದ್ದ ಹಳೇ ಪಿಚರ್ ಹೆಸ್ರಲ್ಲಿ 1956ರಿಂದ ಕೊಡ್ತಿದ್ದಾರೆ, ಈಗ ಮೇಜರ್ ಲೀಗ್ ಒಳಗಿರೋ ಎರಡು ಲೀಗಿಗೆ (ನ್ಯಾಷನಲ್, ಅಮೆರಿಕನ್) ಒಂದೊಂದು. ಕರ್ಶಾಗೆ ಮೂರು: 2011, 2013, 2014. 2014ರಲ್ಲಿ ಅವನ ಲೀಗಿನ ಎಂವಿಪಿ, ಅಂದ್ರೆ ವರ್ಷದ ಬೆಸ್ಟ್ ಆಟಗಾರ ಪ್ರಶಸ್ತೀನೂ ಸಿಕ್ತು, ಇದು ಸಾಮಾನ್ಯವಾಗಿ ಬ್ಯಾಟರ್‌ಗಳ ಪಾಲಿಗೆ ಹೋಗೋದು, ನ್ಯಾಷನಲ್ ಲೀಗಲ್ಲಿ ಅದಕ್ಕೂ ಮುಂಚೆ ಒಬ್ಬ ಪಿಚರ್‌ಗೆ ಬಂದಿದ್ದು 1968ರಲ್ಲಿ, ಬಾಬ್ ಗಿಬ್ಸನ್‌ಗೆ. ಮಜಾ ಅಂದ್ರೆ ಸಿಡ್ನಿ ಮ್ಯಾಚ್ ಆದ್ಮೇಲೆ ಬೆನ್ನಿನ ಮೇಲ್ಭಾಗದ ಸ್ನಾಯು ಹಿಡ್ಕೊಂಡು ಏಪ್ರಿಲ್ ಪೂರ್ತಿ ಆಚೆ ಕೂತಿದ್ದ, ಆದ್ರೂ 27 ಮ್ಯಾಚಲ್ಲೇ 21 ಗೆಲುವು, 3 ಸೋಲು.

ಈಗ ಒಂದು ದಿನದ ಮೈಲಿಗಲ್ಲುಗಳು, ನನ್ನ ಪ್ರಕಾರ ಪೂರ್ತಿ ಪೇಜಲ್ಲಿ ರುಚಿ ಇರೋದೇ ಇಲ್ಲಿ. ನೋ-ಹಿಟ್ಟರ್ ಮತ್ತು ಪರ್ಫೆಕ್ಟ್ ಗೇಮ್ ಒಂದೇ ಅಲ್ಲ, ತುಂಬಾ ಜನ ಕನ್ಫ್ಯೂಸ್ ಮಾಡ್ಕೊಳ್ತಾರೆ. ಎದುರಾಳಿಗೆ ಒಂದೂ ಹಿಟ್ (ಬಾಲ್ ಹೊಡೆದು ಔಟಾಗದೆ ಬೇಸ್ ಸೇರೋದು) ಸಿಗ್ದಿದ್ರೆ ನೋ-ಹಿಟ್ಟರ್, ವಾಕ್ ಆಗ್ಲಿ ಎರರ್ ಆಗ್ಲಿ ಇರಬಹುದು. ಒಬ್ಬನೂ ಯಾವ ದಾರೀಲೂ ಬೇಸ್ ಮುಟ್ಟಬಾರ್ದು, 27 ಬಂದ್ರೆ 27 ಹೋಗ್ಬೇಕು ಅನ್ನೋದು ಪರ್ಫೆಕ್ಟ್ ಗೇಮ್. ನಮ್ಮ ಕುಂಬ್ಳೆ ದೆಹಲೀಲಿ ಹತ್ತಕ್ಕೆ ಹತ್ತು ತೆಗೆದ್ರಲ್ಲ, ಅಪರೂಪದಲ್ಲಿ ಆ ಜಾತಿಗೆ ಸೇರಿದ್ದು.

2014ರ ಜೂನ್ 18, ಕೊಲೊರಾಡೊ ವಿರುದ್ಧ, ಡಾಡ್ಜರ್ ಸ್ಟೇಡಿಯಂ. ಕರ್ಶಾ 15 ಸ್ಟ್ರೈಕ್‌ಔಟ್, ಒಂದೂ ವಾಕ್ ಇಲ್ಲ, ಒಂದೂ ಹಿಟ್ ಇಲ್ಲ. ಪರ್ಫೆಕ್ಟ್ ಆಗ್ಬೇಕಿತ್ತಲ್ವಾ? ಆಗ್ಲಿಲ್ಲ. ಏಳನೇ ಇನ್ನಿಂಗ್ಸ್ ಶುರೂಲೇ ಒಂದು ನಿಧಾನದ ಗ್ರೌಂಡ್ ಬಾಲ್, ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಹ್ಯಾನ್ಲಿ ರಾಮಿರೆಜ್ ಓಡಿ ಬಂದು ಎಸೆದ ಥ್ರೋ ತಪ್ಪೋಯ್ತು, ಒಬ್ಬ ಬೇಸ್ ಸೇರ್ಕೊಂಡ. ಇಡೀ ಮ್ಯಾಚಲ್ಲಿ ಬೇಸ್ ಮುಟ್ಟಿದವ್ನು ಅವನೊಬ್ಬನೇ.

ಎಂಟು ವರ್ಷ ಆದ್ಮೇಲೆ ಇನ್ನೊಂದು ಚಾನ್ಸ್. 2022ರ ಏಪ್ರಿಲ್ 13, ಮಿನಿಯಾಪೊಲಿಸ್, ಕೊರೆಯೋ ಚಳಿ. ಏಳು ಇನ್ನಿಂಗ್ಸ್, 21 ಜನ ಬಂದ್ರು, 21 ಜನ ವಾಪಸ್ ಹೋದ್ರು, 13 ಸ್ಟ್ರೈಕ್‌ಔಟ್, ಎಸೆದಿದ್ದು ಬರೀ 80 ಬಾಲ್. ಮ್ಯಾನೇಜರ್ ಡೇವ್ ರಾಬರ್ಟ್ಸ್ ಅಲ್ಲಿಗೇ ತೆಗೆದ್ಬಿಟ್ರು! ಹಿಂದಿನ ಸೀಸನ್ ಕೈ ನೋವಲ್ಲಿ ಮುಗಿದಿತ್ತು, ಲಾಕ್‌ಔಟ್‌ನಿಂದ (ಟೀಮ್ ಮಾಲೀಕರು ಆಟಗಾರರನ್ನ ಹೊರಗಿಟ್ಟಿದ್ರಿಂದ) ಪ್ರಾಕ್ಟೀಸಿಗೂ ಟೈಮ್ ಸಿಕ್ಕಿರ್ಲಿಲ್ಲ, ಹಾಗಾಗಿ ಕರ್ಶಾನೂ ಸರಿ ಅಂತ ಒಪ್ಕೊಂಡ. ಎಂಟನೇ ಇನ್ನಿಂಗ್ಸಲ್ಲಿ ಬೇರೆ ಪಿಚರ್ ಬಂದ, ಒಂದು ಹಿಟ್ ಹೋಯ್ತು, ಕಥೆ ಮುಗೀತು. ಇದು ಅವನ ಮೈಲಿಗಲ್ಲುಗಳ ಪಟ್ಟೀಲಿ ಎಲ್ಲೂ ಇರಲ್ಲ. ಅದಕ್ಕೇ ಹೇಳೋದು, ಪಟ್ಟಿ ನೋಡಿ ನಿಲ್ಲಿಸ್ಬೇಡಿ, ಆ ಸೀಸನ್ನಿನ ಗೇಮ್ ಲಾಗ್ ಅಂತ ಒಂದಿರುತ್ತೆ, ಅದನ್ನ ಒತ್ತಿ ಒಂದೊಂದೇ ಮ್ಯಾಚ್ ನೋಡಿ.

ಕೂಡಿಸ್ತಾ ಹೋಗೋ ಮೈಲಿಗಲ್ಲಿಗೆ ಬರೋಣ. ಇಲ್ಲಿ ಸಂಖ್ಯೆಗಿಂತ ಆ ಕ್ಲಬ್ಬಲ್ಲಿ ಎಷ್ಟು ಜನ ಇದಾರೆ ಅಂತ ಕೇಳಿ. 3,000 ಸ್ಟ್ರೈಕ್‌ಔಟ್ ಮಾಡಿದವ್ರು ಇಡೀ ಇತಿಹಾಸದಲ್ಲಿ ಕರ್ಶಾ ಸೇರಿ 20 ಜನ. ಅದ್ರಲ್ಲಿ ಎಡಗೈಯವ್ರು 4. ಎಲ್ಲಾನೂ ಒಂದೇ ಟೀಮಿಗೆ ಮಾಡಿದವ್ರು ಮೂರೇ ಜನ, ವಾಲ್ಟರ್ ಜಾನ್ಸನ್, ಬಾಬ್ ಗಿಬ್ಸನ್, ಆಮೇಲೆ ಇವ್ನು. ಹಿಂಗೆ ಸೋಸ್ತಾ ಹೋದ್ರೆ ನಂಬರಿಗೆ ತೂಕ ಬರುತ್ತೆ.

ಆ ಮ್ಯಾಚ್ 2025ರ ಜುಲೈ 2, ಚಿಕಾಗೊ ವೈಟ್ ಸಾಕ್ಸ್ ಜೊತೆ. ಲಾಸ್ ಏಂಜಲೀಸಲ್ಲಿ ಸಂಜೆ 7:10ಕ್ಕೆ ಶುರುವಾದ್ರೆ ಬೇಸಿಗೇಲಿ ನಮಗೆ ಬೆಳಗ್ಗೆ 7:40, ಕಾಫಿ ಹಿಡ್ಕೊಂಡು ನೋಡೋಕೆ ಹೇಳಿ ಮಾಡಿಸಿದ ಟೈಮು. ಬೇಕಾಗಿದ್ದು ಮೂರು ಸ್ಟ್ರೈಕ್‌ಔಟ್, ಆದ್ರೆ ಅವತ್ತು ಕೈ ಅಷ್ಟು ಚೆನ್ನಾಗಿರ್ಲಿಲ್ಲ, ನಾಲ್ಕು ರನ್ ಹೋಯ್ತು, ಆರನೇ ಇನ್ನಿಂಗ್ಸ್, ಕೊನೇ ಔಟ್, ಅವನ 100ನೇ ಬಾಲು, ವಿನ್ನಿ ಕಾಪ್ರಾ ಬ್ಯಾಟ್ ಬೀಸದೆ ನೋಡ್ತಾ ನಿಂತ, ಅಂಪೈರ್ ಸ್ಟ್ರೈಕ್ ಅಂದ. ಸ್ಕೋರ್ ಬುಕ್ಕಲ್ಲಿ ಸ್ಟ್ರೈಕ್‌ಔಟಿಗೆ ಇಂಗ್ಲಿಷಿನ ಕೆ ಅಕ್ಷರ ಬರೀತಾರೆ, ಹಿಂಗೆ ಬೀಸದೆ ಔಟಾದ್ರೆ ಅದೇ ಕೆ ತಿರುಗಿಸಿ ಬರೀತಾರೆ. ಹಾಗಾಗಿ 3,000ನೇದು ಉಲ್ಟಾ ಕೆ.

ಕೊನೇದಾಗಿ ಪೋಸ್ಟ್‌ಸೀಸನ್, ಅಂದ್ರೆ ಅಕ್ಟೋಬರಿನ ನಾಕ್‌ಔಟ್ ಹಂತ, ಅಂತ ಬೇರೆ ಟೇಬಲ್ ಇರುತ್ತೆ, ಅದನ್ನ ಸ್ಕಿಪ್ ಮಾಡಿದ್ರೆ ಕರ್ಶಾ ಅರ್ಥ ಆಗಲ್ಲ. ರೆಗ್ಯುಲರ್ ಸೀಸನಲ್ಲಿ 2.53 ಇದ್ದೋನು ಅಕ್ಟೋಬರ್ ಬಂದ್ರೆ 4ಕ್ಕಿಂತ ಮೇಲೆ. 2014ರಲ್ಲಿ ಸೇಂಟ್ ಲೂಯಿಸ್‌ನ ಮ್ಯಾಟ್ ಆಡಮ್ಸ್ ಹೋಮ್ ರನ್ (ನಮ್ಮ ಸಿಕ್ಸರ್ ಥರ), 2017ರ ವರ್ಲ್ಡ್ ಸೀರೀಸ್, ಅಂದ್ರೆ ಫೈನಲ್, ಐದನೇ ಮ್ಯಾಚಲ್ಲಿ ಹ್ಯೂಸ್ಟನ್ ಎದುರು 4-0 ಲೀಡ್ ಕೈಬಿಟ್ಟಿದ್ದು, 2019ರಲ್ಲಿ ರೆಂಡನ್ ಮತ್ತು ಸೋಟೊ ಬೆನ್ನುಬೆನ್ನಿಗೆ ಹೊಡೆದ ಹೋಮ್ ರನ್ನುಗಳು, ಎಲ್ಲಾ ಅಲ್ಲೇ ಇದೆ. 2017ರ ಹ್ಯೂಸ್ಟನ್ ಟೀಮ್ ಕ್ಯಾಮೆರಾ ಇಟ್ಕೊಂಡು ಎದುರಾಳಿ ಕ್ಯಾಚರ್ ಪಿಚರ್‌ಗೆ ಕೊಡೋ ಸಿಗ್ನಲ್ ಕದೀತಿತ್ತು ಅಂತ 2020ರಲ್ಲಿ ಲೀಗ್ ಹೇಳ್ತು, ಆದ್ರೆ ಉಳಿದ ವರ್ಷಗಳಿಗೆ ಆ ಸಮಾಧಾನ ಇಲ್ಲ. 2020ರ ವರ್ಲ್ಡ್ ಸೀರೀಸ್ ಕೋವಿಡ್‌ನಿಂದ ಪೂರ್ತಿ ಟೆಕ್ಸಸ್‌ನ ಆರ್ಲಿಂಗ್ಟನಲ್ಲಿ ನಡೀತು, ಅಂದ್ರೆ ಡಾಲಸ್ ಹುಡುಗನ ಮನೆ ಪಕ್ಕದಲ್ಲೇ. ಟ್ಯಾಂಪಾ ಬೇ ಮೇಲೆ ಒಂದನೇ ಮತ್ತು ಐದನೇ ಮ್ಯಾಚ್ ಎರಡೂ ಗೆದ್ದ, ಮೊದಲ ಟ್ರೋಫಿ. 2024ರಲ್ಲಿ ಗಾಯ ಆಗಿ ಹೊರಗೆ ಕೂತಿದ್ದಾಗ ಟೀಮ್ ಇನ್ನೊಂದು ಗೆದ್ತು.

2025ರದ್ದು ನೋಡೋಕೆ ಆ ಟೇಬಲ್ಲಿನ ಕೊನೇ ಸಾಲಿಗೆ ಬನ್ನಿ. ವರ್ಲ್ಡ್ ಸೀರೀಸ್ ಮೂರನೇ ಮ್ಯಾಚ್, ಟೊರೊಂಟೊ ಎದುರಾಳಿ, ಸ್ಕೋರ್ ಸಮ ಆಗಿ 18 ಇನ್ನಿಂಗ್ಸ್ ಎಳೆದ ಮ್ಯಾಚ್. 12ನೇ ಇನ್ನಿಂಗ್ಸಲ್ಲಿ ಮೂರೂ ಬೇಸ್ ಫುಲ್, ಎರಡು ಔಟ್, ಆಗ ಸ್ಟಾರ್ಟರ್ ಅಲ್ದೆ ಬದ್ಲಿಯಾಗಿ 37 ವರ್ಷದ ಕರ್ಶಾ ಓಡ್ಕೊಂಡು ಬಂದ. ನೇಥನ್ ಲೂಕ್ಸ್ ಜೊತೆ ಎಂಟು ಬಾಲ್, ಫುಲ್ ಕೌಂಟ್ (ಮೂರು ಆಚೆ ಬಾಲ್, ಎರಡು ಸ್ಟ್ರೈಕ್), ಸೆಕೆಂಡ್ ಬೇಸ್ ಕಡೆ ಗ್ರೌಂಡ್ ಬಾಲ್, ಔಟ್. ಆಮೇಲೆ ಡಾಡ್ಜರ್ಸ್ ಆ ಮ್ಯಾಚೂ ಗೆದ್ರು, ಸೀರೀಸೂ ಗೆದ್ರು, ಆ ಸೀರೀಸಲ್ಲಿ ಅವ್ನು ಮತ್ತೆ ಪಿಚ್ ಮಾಡ್ಲಿಲ್ಲ. ಇನ್ನಿಂಗ್ಸ್ ಕಾಲಮ್ಮಲ್ಲಿ ಅದಕ್ಕೆ 0.1 ಅಂತ ಬರೆದಿರುತ್ತೆ, ಅದು ಹೇಗೆ ಓದ್ಬೇಕು ಅಂತ ಈಗ ನಿಮಗೆ ಗೊತ್ತು.