ಕಪ್ಪು ಬೂಷ್ಟಿನಿಂದ ಸಿಟ್ರಿಕ್ ಆಮ್ಲ: ಶೇಕ್ ಫ್ಲಾಸ್ಕ್‌ನಲ್ಲಿ ನಾನು ಅನುಸರಿಸುವ ಕ್ರಮ

ಸಿಟ್ರಿಕ್ ಆಮ್ಲ ತೆಗೆಯಲು ಹೊರಟವರು ಮೊದಲು ಕೇಳುವುದು ಬೂಷ್ಟಿನ ಯಾವ ತಳಿ ಒಳ್ಳೆಯದು ಎಂದು. ತಳಿಯ ಪ್ರಶ್ನೆ ಮುಖ್ಯವೇ, ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ್ದು ನಿಮ್ಮ ಸಕ್ಕರೆಯಲ್ಲಿ, ನೀರಿನಲ್ಲಿ, ಗಾಜಿನ ಮೇಲೆ ಎಷ್ಟು ಮ್ಯಾಂಗನೀಸ್ ಇದೆ ಎಂಬುದು. ಅತ್ಯುತ್ತಮ ತಳಿಯೂ ಕೊಳಕು ನೀರಿನಲ್ಲಿ ಬರೀ ಬೂಷ್ಟು ಬೆಳೆಸುತ್ತದೆ, ಆಮ್ಲ ಕೊಡುವುದಿಲ್ಲ.

ಆಸ್ಪರ್ಜಿಲಸ್ ನೈಗರ್ ಎಂಬ ಈ ಕಪ್ಪು ಬೂಷ್ಟು ಸಕ್ಕರೆ ಹೆಚ್ಚಿದ್ದು ಪಿಎಚ್ ತೀರಾ ಕಡಿಮೆ ಇದ್ದಾಗ ಸಿಟ್ರಿಕ್ ಆಮ್ಲವನ್ನು ಧಾರಾಳವಾಗಿ ಹೊರಹಾಕುತ್ತದೆ ಎಂದು ಅಮೆರಿಕದ ರಸಾಯನಶಾಸ್ತ್ರಜ್ಞ ಜೇಮ್ಸ್ ಕರಿ 1917ರಲ್ಲಿ ತೋರಿಸಿದರು. 1919ರಲ್ಲಿ ಫೈಜರ್ ಕಂಪನಿ ಬ್ರೂಕ್ಲಿನ್‌ನಲ್ಲಿ ಈ ಆಧಾರದ ಮೇಲೆ ಉತ್ಪಾದನೆ ಶುರುಮಾಡಿತು. ಲೋಹಗಳ ಹಿಡಿತ ಸ್ಪಷ್ಟವಾದದ್ದು 1940ರ ದಶಕದ ಕೊನೆಗೆ, ದ್ರವದೊಳಗೆ ಮುಳುಗಿಸಿ ಬೆಳೆಸುವ ಪದ್ಧತಿಯನ್ನು ಅಧ್ಯಯನ ಮಾಡುವಾಗ. ಈಗಲೂ ನಾನು ಬಳಸುವ ಮಾಧ್ಯಮ, ಅಂದರೆ ಬೂಷ್ಟು ಬೆಳೆಯುವ ಪೋಷಕ ದ್ರವ, ಆ ಕಾಲದ್ದೇ.

ಒಂದು ಲೀಟರಿಗೆ ಸುಕ್ರೋಸ್ 140 ಗ್ರಾಂ, ಅಮೋನಿಯಂ ನೈಟ್ರೇಟ್ 2.5 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1 ಗ್ರಾಂ, ಏಳು ನೀರಿನ ಮೆಗ್ನೀಸಿಯಂ ಸಲ್ಫೇಟ್ 0.25 ಗ್ರಾಂ. ಸೂಕ್ಷ್ಮ ಲೋಹಗಳ ಲೆಕ್ಕ: ಕಬ್ಬಿಣ 1.3 ಮಿಲಿಗ್ರಾಂ, ಸತು 0.25 ಮಿಲಿಗ್ರಾಂ, ತಾಮ್ರ 0.06 ಮಿಲಿಗ್ರಾಂ. ಇಷ್ಟು ಸಣ್ಣ ತೂಕ ನೇರವಾಗಿ ಹಾಕಲು ಬರುವುದಿಲ್ಲ. ಹಾಗಾಗಿ ಸಾವಿರ ಪಟ್ಟು ಗಾಢವಾದ ದ್ರಾವಣ ಮಾಡಿಡುತ್ತೇನೆ: ಲೀಟರಿಗೆ ಫೆರಸ್ ಸಲ್ಫೇಟ್ 6.5 ಗ್ರಾಂ, ಜಿಂಕ್ ಸಲ್ಫೇಟ್ 1.1 ಗ್ರಾಂ, ಕಾಪರ್ ಸಲ್ಫೇಟ್ 0.24 ಗ್ರಾಂ, ಎಲ್ಲವೂ ನೀರಿನ ಅಣುಗಳಿರುವ ಹರಳಿನ ರೂಪದ್ದು. ಕಬ್ಬಿಣ ಕೆಳಗೆ ಕೂರದಂತೆ ಕೆಲವು ಹನಿ ಗಂಧಕಾಮ್ಲ. ಮಾಧ್ಯಮದ ಪ್ರತಿ ಲೀಟರಿಗೆ ಇದರ 1 ಮಿಲಿಲೀಟರ್ ಸಾಕು. ಮ್ಯಾಂಗನೀಸ್ ಅನ್ನು ಹಾಕುವುದಿಲ್ಲ. ಅದು ಲೀಟರಿಗೆ 1 ಮೈಕ್ರೋಗ್ರಾಂ ಒಳಗಿರಬೇಕು.

ಈ 1 ಮೈಕ್ರೋಗ್ರಾಂ ಎಷ್ಟು ಬೇಗ ಮೀರುತ್ತದೆ ನೋಡಿ. ಸಕ್ಕರೆಯಲ್ಲಿ ಹತ್ತು ದಶಲಕ್ಷಕ್ಕೆ ಒಂದು ಪಾಲು ಮ್ಯಾಂಗನೀಸ್ ಇದ್ದರೂ 140 ಗ್ರಾಂ ಸಕ್ಕರೆಯೊಂದಿಗೆ 14 ಮೈಕ್ರೋಗ್ರಾಂ ಒಳಗೆ ಬಂತು. ಫೆರಸ್ ಸಲ್ಫೇಟ್‌ನ ಡಬ್ಬಿಯ ಮೇಲೆ ಮ್ಯಾಂಗನೀಸ್ ಮಿತಿ 0.05 ಪ್ರತಿಶತ ಎಂದು ಬರೆದಿದ್ದರೆ, ಅದರ 6.5 ಮಿಲಿಗ್ರಾಂನಲ್ಲೇ 3 ಮೈಕ್ರೋಗ್ರಾಂ ಬರಬಹುದು. ಬೋರ್‌ವೆಲ್ ನೀರಿನ ಮಾತು ಬಿಡಿ. ಕೆಲವೇ ಮೈಕ್ರೋಗ್ರಾಂ ದಾಟಿದರೆ ಇಳುವರಿ ಕಣ್ಣಿಗೆ ಕಾಣುವಷ್ಟು ಕುಸಿಯುತ್ತದೆ.

ಮ್ಯಾಂಗನೀಸ್ ಕೊರತೆ ಬೂಷ್ಟಿನೊಳಗೆ ಏನು ಮಾಡುತ್ತದೆ ಎಂಬುದಕ್ಕೆ ಬಲವಾದ ವಿವರಣೆ ಇದೆ. ಸಾಮಾನ್ಯವಾಗಿ ಜೀವಕೋಶದಲ್ಲಿ ಸಿಟ್ರೇಟ್ ಹೆಚ್ಚಾದರೆ ಅದು ಫಾಸ್ಫೋಫ್ರಕ್ಟೋಕೈನೇಸ್ ಕಿಣ್ವವನ್ನು ತಡೆದು ಸಕ್ಕರೆಯ ವಿಭಜನೆಯನ್ನೇ ನಿಧಾನ ಮಾಡುತ್ತದೆ. ಮ್ಯಾಂಗನೀಸ್ ಇಲ್ಲದಾಗ ಪ್ರೋಟೀನ್ ಕಟ್ಟುವ ಕೆಲಸ ಕೆಡುತ್ತದೆ, ಅಮೋನಿಯಂ ಒಳಗೇ ಶೇಖರವಾಗುತ್ತದೆ, ಆ ಅಮೋನಿಯಂ ಸಿಟ್ರೇಟ್‌ನ ತಡೆಯನ್ನು ಸಡಿಲಿಸುತ್ತದೆ. ಸಕ್ಕರೆ ಹರಿಯುತ್ತಲೇ ಇರುತ್ತದೆ, ಸಿಟ್ರೇಟ್ ತುಂಬಿ ಹೊರಗೆ ಬರುತ್ತದೆ. ಕೋಶಭಿತ್ತಿಯೂ ಬದಲಾಗುತ್ತದೆ: ತಂತುಗಳು ಗಿಡ್ಡವಾಗಿ, ಉಬ್ಬಿ, ಕವಲೊಡೆದು ಬಿಗಿಯಾದ ಗುಂಡುಗಳಾಗುತ್ತವೆ.

ಹಾಗಾಗಿ ಮೊದಲ ಕೆಲಸ ಶುದ್ಧಿ. ಎಲ್ಲ ಗಾಜನ್ನೂ 10 ಪ್ರತಿಶತ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಅಯಾನು ತೆಗೆದ ನೀರಿನಲ್ಲಿ ಹಲವು ಬಾರಿ ತೊಳೆಯುತ್ತೇನೆ. ಮಾಧ್ಯಮ ಮಾಡುವಾಗ ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ ಚಮಚ. ಸಕ್ಕರೆಯನ್ನು 30 ಪ್ರತಿಶತ ದ್ರಾವಣ ಮಾಡಿ ಹೈಡ್ರೋಜನ್ ರೂಪದ ಪ್ರಬಲ ಕ್ಯಾಟಯಾನ್ ರೆಸಿನ್ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಳದ ಕಾಳು) ತುಂಬಿದ ಕಂಬದ ಮೂಲಕ ನಿಧಾನವಾಗಿ ಇಳಿಸುತ್ತೇನೆ. ಹೊರಬರುವ ದ್ರಾವಣ ಹುಳಿಯಾಗಿರುತ್ತದೆ, ಒಂದಿಷ್ಟು ಸುಕ್ರೋಸ್ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಅದರಿಂದ ತೊಂದರೆಯಿಲ್ಲ. ಲವಣಗಳನ್ನು ರೆಸಿನ್ ದಾಟಿದ ಮೇಲೆಯೇ ಸೇರಿಸಬೇಕು, ಇಲ್ಲವಾದರೆ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕಂಬದಲ್ಲೇ ಉಳಿಯುತ್ತವೆ.

ತಳಿಯನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಸೂಕ್ಷ್ಮಜೀವಿ ಸಂಗ್ರಹದಿಂದ ತರಿಸುವುದು ಸರಿಯಾದ ದಾರಿ. ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು ಬೂಷ್ಟೂ ಈ ಗುಂಪಿನದೇ, ಆದರೆ ಈ ಜಾತಿಯ ಕೆಲವು ತಳಿಗಳು ಆಕ್ರಟಾಕ್ಸಿನ್ ಎ ಮತ್ತು ಫ್ಯುಮೊನಿಸಿನ್ ಬಿ2 ಎಂಬ ವಿಷಗಳನ್ನು ಮಾಡುತ್ತವೆ. ಪರೀಕ್ಷಿಸದ ತಳಿಯಿಂದ ಬಂದ ಆಮ್ಲವನ್ನು ಆಹಾರದ ಹತ್ತಿರ ತರಬಾರದು. ಬೀಜಕಗಳ ಪುಡಿ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಸುರಕ್ಷತಾ ಕ್ಯಾಬಿನೆಟ್‌ನಲ್ಲಿ ಕೆಲಸ ಮಾಡಿ, ರೋಗನಿರೋಧಕ ಶಕ್ತಿ ಕಡಿಮೆ ಇರುವವರನ್ನು ಈ ಕೆಲಸದಿಂದ ದೂರವಿಡಿ. ಓರೆಯಾಗಿ ಗಟ್ಟಿಯಾದ ಅಗರ್ ಇರುವ ನಳಿಗೆಗೆ ಸ್ಲ್ಯಾಂಟ್ ಎನ್ನುತ್ತಾರೆ; ಮತ್ತೆ ಮತ್ತೆ ಸ್ಲ್ಯಾಂಟ್‌ನಿಂದ ಸ್ಲ್ಯಾಂಟ್‌ಗೆ ದಾಟಿಸಿದರೆ ತಳಿ ಸೊರಗುತ್ತದೆ. ಬೀಜಕಗಳನ್ನು 20 ಪ್ರತಿಶತ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿಟ್ಟು, ಪ್ರತಿ ಸಲ ಅಲ್ಲಿಂದಲೇ ಹೊಸ ಸ್ಲ್ಯಾಂಟ್ ಮಾಡುತ್ತೇನೆ.

ಆಲೂಗಡ್ಡೆ ಡೆಕ್ಸ್ಟ್ರೋಸ್ ಅಗರ್ ಮೇಲೆ 30 ಡಿಗ್ರಿಯಲ್ಲಿ 5ರಿಂದ 7 ದಿನ ಬೆಳೆಸಿ, 0.1 ಪ್ರತಿಶತ ಟ್ವೀನ್ 80 (ಸೋಪಿನಂತೆ ಒದ್ದೆಮಾಡುವ ವಸ್ತು) ಇರುವ ನೀರಿನಲ್ಲಿ ಬೀಜಕಗಳನ್ನು ಎಬ್ಬಿಸಬೇಕು. ಟ್ವೀನ್ ಇಲ್ಲದಿದ್ದರೆ ಅವು ನೀರಿನ ಮೇಲೆ ತೇಲುತ್ತವೆ. ಕೋಶ ಎಣಿಸುವ ಗಾಜಿನ ಪಟ್ಟಿ ಹೀಮೋಸೈಟೋಮೀಟರ್‌ನಲ್ಲಿ ಎಣಿಸಿ ಮಿಲಿಲೀಟರಿಗೆ 10 ಕೋಟಿಗೆ ಹೊಂದಿಸಿ, 500 ಮಿಲಿಲೀಟರ್ ಫ್ಲಾಸ್ಕ್‌ನ 50 ಮಿಲಿಲೀಟರ್ ಮಾಧ್ಯಮಕ್ಕೆ ಅರ್ಧ ಮಿಲಿಲೀಟರ್ ಹಾಕುತ್ತೇನೆ. ಅಂದರೆ ಮಾಧ್ಯಮದ ಪ್ರತಿ ಮಿಲಿಲೀಟರಿಗೆ 10 ಲಕ್ಷ ಬೀಜಕ. ಕಡಿಮೆ ಹಾಕಿದರೆ ಗುಂಡುಗಳು ದೊಡ್ಡದಾಗಿ, ನಡುಭಾಗಕ್ಕೆ ಆಮ್ಲಜನಕ ಸಿಗುವುದಿಲ್ಲ. ಫ್ಲಾಸ್ಕ್‌ನಲ್ಲಿ ಹೆಚ್ಚು ದ್ರವ ತುಂಬುವ ಆಸೆ ಬೇಡ, ಹತ್ತನೇ ಒಂದು ಭಾಗ ಸಾಕು.

ಆರಂಭದ ಪಿಎಚ್ 4.5. ಮೊಳೆಯುವ ಬೀಜಕಗಳು ಅಮೋನಿಯಂ ಹೀರಿಕೊಂಡು ಪ್ರೋಟಾನ್ ಬಿಡುವುದರಿಂದ ಪಿಎಚ್ ತಾನಾಗಿ ಇಳಿಯುತ್ತದೆ. ಎರಡು ದಿನದೊಳಗೆ 2.5ಕ್ಕಿಂತ ಕೆಳಗೆ, ಆಮೇಲೆ 2ರ ಆಸುಪಾಸಿಗೆ ಬರಬೇಕು. 3ಕ್ಕಿಂತ ಮೇಲೆ ನಿಂತುಬಿಟ್ಟರೆ ಗ್ಲೂಕೋಸ್ ಆಕ್ಸಿಡೇಸ್ ಸಕ್ಕರೆಯನ್ನು ಗ್ಲೂಕೋನಿಕ್ ಆಮ್ಲ ಮಾಡುತ್ತದೆ, ಇನ್ನೊಂದು ಕಿಣ್ವ ಆಕ್ಸಲೋಅಸಿಟೇಟ್ ಅನ್ನು ಸೀಳಿ ಆಕ್ಸಾಲಿಕ್ ಆಮ್ಲ ಮಾಡುತ್ತದೆ. ಆಕ್ಸಾಲಿಕ್ ಇದೆಯೇ ಎಂದು ನೋಡಲು ಸೋಸಿದ ದ್ರವಕ್ಕೆ ಸ್ವಲ್ಪ ಅಸಿಟಿಕ್ ಆಮ್ಲ, ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ತಣ್ಣಗಿರುವಾಗಲೇ ಬಿಳಿ ಗಸಿ ಬಂದರೆ ಅದು ಆಕ್ಸಲೇಟ್.

30 ಡಿಗ್ರಿ, ನಿಮಿಷಕ್ಕೆ 200ರಿಂದ 220 ಸುತ್ತು, 7ರಿಂದ 9 ದಿನ. ಈ ಅವಧಿಯಲ್ಲಿ ಫ್ಲಾಸ್ಕ್ ಅನ್ನು ಸುತ್ತಿಸುವ ಯಂತ್ರ, ಶೇಕರ್, ನಿಲ್ಲಬಾರದು. ಆಮ್ಲ ಬರುವ ಹಂತದಲ್ಲಿ ಗಾಳಿ ಸ್ವಲ್ಪ ಹೊತ್ತು ತಪ್ಪಿದರೂ ಬೂಷ್ಟು ಸಾಯುವುದಿಲ್ಲ, ಬೆಳೆಯುತ್ತಲೂ ಇರುತ್ತದೆ. ಆದರೆ ಸಿಟ್ರಿಕ್ ಉತ್ಪಾದನೆಗೆ ಬೇಕಾದ ಪರ್ಯಾಯ ಉಸಿರಾಟದ ಮಾರ್ಗ ಹಾಳಾಗಿ ಮರಳಿ ಬರುವುದಿಲ್ಲ. ಕರೆಂಟು ಹೋಗುವ ಊರಿನಲ್ಲಿ ಶೇಕರ್‌ಗೆ ಯುಪಿಎಸ್ ಇಲ್ಲದೆ ಈ ಪ್ರಯೋಗಕ್ಕೆ ಕೈಹಾಕುವುದು ವ್ಯರ್ಥ. ಕರೆಂಟು ಹೋಗಿ ಬಂದ ಫ್ಲಾಸ್ಕ್‌ನ ಫಲಿತಾಂಶವನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಮೂರನೇ ದಿನ ಫ್ಲಾಸ್ಕ್ ಎತ್ತಿ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ಅರ್ಧ ಮಿಲಿಮೀಟರ್‌ಗಿಂತ ಚಿಕ್ಕ, ನುಣುಪಾದ ಗುಂಡುಗಳು ತಿಳಿ ದ್ರವದಲ್ಲಿ ಸಾಬುದಾನಿ ಪಾಯಸದ ಕಾಳಿನಂತೆ ತಿರುಗುತ್ತಿದ್ದರೆ ಸರಿದಾರಿಯಲ್ಲಿದೆ. ಉದ್ದ ತಂತುಗಳು ಹೆಣೆದುಕೊಂಡು ಇಡೀ ದ್ರವ ಗಂಜಿಯಾಗಿದ್ದರೆ ಮ್ಯಾಂಗನೀಸ್ ಒಳಹೊಕ್ಕಿದೆ. ಅದನ್ನು ಅಲ್ಲಿಂದ ಮುಂದೆ ಸರಿಪಡಿಸಲು ಆಗುವುದಿಲ್ಲ. ಗಾಜಿನ ಗೋಡೆಗೆ ಅಂಟಿ ಉಂಗುರ ಕಟ್ಟಿ ಅಲ್ಲಿ ಕಪ್ಪು ಬೀಜಕ ಬಿಟ್ಟರೆ ಸುತ್ತುವ ವೇಗ ಹೊಂದಿಸಿ.

ಅಳತೆಗೆ 1 ಮಿಲಿಲೀಟರ್ ಸೋಸಿದ ದ್ರವಕ್ಕೆ 20 ಮಿಲಿಲೀಟರ್ ನೀರು, ಎರಡು ಹನಿ ಫಿನಾಲ್ಫ್ಥಲೀನ್ ಸೂಚಕ ಹಾಕಿ, ಗುಲಾಬಿ ಬಣ್ಣ ಬರುವವರೆಗೆ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹನಿಸುತ್ತೇನೆ; ಇದೇ ಟೈಟ್ರೇಷನ್. ಪ್ರತಿ ಮಿಲಿಲೀಟರ್ ಕ್ಷಾರಕ್ಕೆ 6.4 ಮಿಲಿಗ್ರಾಂ ನಿರ್ಜಲ ಸಿಟ್ರಿಕ್ ಆಮ್ಲ. 11 ಮಿಲಿಲೀಟರ್ ಹಿಡಿದರೆ ಲೀಟರಿಗೆ ಸುಮಾರು 70 ಗ್ರಾಂ. ಫ್ಲಾಸ್ಕ್ ಮಟ್ಟಕ್ಕೆ ಇದು ಒಳ್ಳೆಯ ಅಂಕಿ. 100 ಗ್ರಾಂ ಸುಕ್ರೋಸ್‌ನಿಂದ ಸಿದ್ಧಾಂತದ ಪ್ರಕಾರ 112 ಗ್ರಾಂ ಬರಬಹುದು. ಆದರೆ ಟೈಟ್ರೇಷನ್ ಎಲ್ಲ ಆಮ್ಲಗಳನ್ನೂ ಒಟ್ಟಿಗೆ ಎಣಿಸುತ್ತದೆ. ಟೈಟ್ರೇಷನ್ ಅಂಕಿಯನ್ನಷ್ಟೇ ಕೊಟ್ಟು ಸಿಟ್ರಿಕ್ ಇಳುವರಿ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಪಿರಿಡಿನ್ ಮತ್ತು ಅಸಿಟಿಕ್ ಅನ್‌ಹೈಡ್ರೈಡ್ ಬಳಸುವ 1958ರ ಮಾರಿಯರ್–ಬುಲೆ ವಿಧಾನದಲ್ಲಿ ಬರುವ ಹಳದಿ ಬಣ್ಣವನ್ನು 420 ನ್ಯಾನೋಮೀಟರ್‌ನಲ್ಲಿ ಓದಿ ತಾಳೆ ನೋಡಬೇಕು. ಫ್ಯೂಮ್ ಹುಡ್ ಇಲ್ಲದೆ ಪಿರಿಡಿನ್ ಮುಚ್ಚಳ ತೆರೆಯಬೇಡಿ. ಎಚ್‌ಪಿಎಲ್‌ಸಿ (ಆಮ್ಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದವರಿಗೆ ಇದರ ಗೋಜಿಲ್ಲ.

ಸಕ್ಕರೆಯ ಬದಲು ಕಾಕಂಬಿ ಬಳಸುವುದು ಬೇರೆಯದೇ ಕೆಲಸ. ಕಬ್ಬಿನ ಕಾಕಂಬಿಯಲ್ಲಿ ಸುಮಾರು ಅರ್ಧ ಸಕ್ಕರೆ, ಜೊತೆಗೆ ಲೋಹಗಳ ದಂಡೇ ಇರುತ್ತದೆ. 15 ಪ್ರತಿಶತ ಸಕ್ಕರೆಗೆ ತೆಳುಮಾಡಿ, ಪಿಎಚ್ 6.5ರಿಂದ 7ರಲ್ಲಿ, 90 ಡಿಗ್ರಿಯಲ್ಲಿ ಪೊಟ್ಯಾಸಿಯಂ ಫೆರೋಸಯನೈಡ್ ಹಾಕಿದರೆ ಕಬ್ಬಿಣ, ಸತು, ಮ್ಯಾಂಗನೀಸ್ ಗಸಿಯಾಗಿ ಕೂರುತ್ತವೆ. ಪ್ರಮಾಣ ಕಾಕಂಬಿಯಿಂದ ಕಾಕಂಬಿಗೆ ಬದಲಾಗುತ್ತದೆ. ಲೀಟರಿಗೆ 0.2ರಿಂದ 2 ಗ್ರಾಂವರೆಗೆ ಸಣ್ಣ ಬಾಟಲಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸಿ. ಸೋಸಿದ ಹನಿಗೆ ಫೆರಿಕ್ ಕ್ಲೋರೈಡ್ ಹಾಕಿದಾಗ ತೆಳು ನೀಲಿ ಮೊದಲು ಕಾಣುವ ಮೆಟ್ಟಿಲೇ ನಿಮ್ಮದು. ಅತಿಯಾದರೆ ಬೀಜಕ ಮೊಳೆಯುವುದಿಲ್ಲ. ಬಿಸಿ ಫೆರೋಸಯನೈಡ್ ದ್ರಾವಣಕ್ಕೆ ಎಂದಿಗೂ ಆಮ್ಲ ಸುರಿಯಬೇಡಿ, ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಕೃಷಿ ತ್ಯಾಜ್ಯ ಬಳಸುವ ಇನ್ನೊಂದು ದಾರಿಯೂ ಇದೆ: ಕಾಫಿ ಹೊಟ್ಟಿನ ಮೇಲೆ ಇದೇ ಬೂಷ್ಟು ಬೆಳೆಸಿ ಸಿಟ್ರಿಕ್ ಆಮ್ಲ ಪಡೆಯಬಹುದೆಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದರು. ಘನ ಮಾಧ್ಯಮದಲ್ಲಿ ಲೋಹಗಳ ಕಾಟ ಕಡಿಮೆ, ಕೊಡಗು ಚಿಕ್ಕಮಗಳೂರಿನವರು ಅತ್ತ ಗಮನ ಕೊಡಬೇಕು.

ಆಮ್ಲ ಬೇರ್ಪಡಿಸಲು ಬೂಷ್ಟನ್ನು ಸೋಸಿ, ದ್ರವವನ್ನು 70 ಡಿಗ್ರಿಗೆ ಕಾಯಿಸಿ, ಸುಣ್ಣದ ಹಾಲನ್ನು ಪಿಎಚ್ 2.8ರವರೆಗೆ ಮಾತ್ರ ಹಾಕುತ್ತೇನೆ. ಆಕ್ಸಲೇಟ್ ಇದ್ದರೆ ಇಲ್ಲೇ ಕೂರುತ್ತದೆ. ಸೋಸಿದ ಮೇಲೆ 90 ಡಿಗ್ರಿಗೆ ಏರಿಸಿ, ನಿಧಾನವಾಗಿ ಪಿಎಚ್ 7ರ ಹತ್ತಿರಕ್ಕೆ. 100 ಗ್ರಾಂ ಸಿಟ್ರಿಕ್ ಆಮ್ಲಕ್ಕೆ 58 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು. ಮೆಗ್ನೀಸಿಯಂ ಹೆಚ್ಚಿರುವ ಸುಣ್ಣ ಬೇಡ, ಮೆಗ್ನೀಸಿಯಂ ಸಿಟ್ರೇಟ್ ಕರಗಿ ಹೋಗುತ್ತದೆ. ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಕಡಿಮೆ ಕರಗುವ ಲವಣ, ಆದ್ದರಿಂದ ಬಿಸಿಯಿರುವಾಗಲೇ ಸೋಸಿ ಬಿಸಿನೀರಿನಲ್ಲೇ ತೊಳೆಯಬೇಕು. ತಣ್ಣೀರಿನಲ್ಲಿ ತೊಳೆದರೆ ಸರಕು ಚರಂಡಿಗೆ. ಈ ಗಸಿಯನ್ನು ನೀರಿನಲ್ಲಿ ಕದಡಿ, 100 ಗ್ರಾಂ ಆಮ್ಲಕ್ಕೆ 77 ಗ್ರಾಂ ಲೆಕ್ಕದಲ್ಲಿ ತೆಳು ಗಂಧಕಾಮ್ಲ ಸೇರಿಸಿದರೆ ಜಿಪ್ಸಂ ಕೂರುತ್ತದೆ, ಸಿಟ್ರಿಕ್ ದ್ರವದಲ್ಲಿ ಉಳಿಯುತ್ತದೆ. ಇದ್ದಿಲಿನಲ್ಲಿ ಬಣ್ಣ ತೆಗೆದು ನಿರ್ವಾತದಲ್ಲಿ ಗಾಢಗೊಳಿಸುತ್ತೇನೆ. 36.6 ಡಿಗ್ರಿಗಿಂತ ಕೆಳಗೆ ಹರಳುಗಟ್ಟಿಸಿದರೆ ಒಂದು ನೀರಿನ ಅಣುವಿರುವ ಹರಳು, ಅದಕ್ಕಿಂತ ಮೇಲೆ ನಿರ್ಜಲ ಹರಳು ಸಿಗುತ್ತದೆ. ಇಳುವರಿ ಬರೆಯುವಾಗ ಯಾವುದೆಂದು ನಮೂದಿಸಿ, ಎರಡರ ತೂಕದಲ್ಲಿ 9 ಪ್ರತಿಶತಕ್ಕೂ ಹೆಚ್ಚು ವ್ಯತ್ಯಾಸವಿದೆ.